ಸ್ಲ್ಯಾಬಿನ ದಿನದ ಮುಕಾದಮ

ಲಾಲಿಬಾಯಿಗೆ ಕೂಲಿಗುಂಪಿನ ಮೇಲೆ ಯಜಮಾನಿಕೆ ಮಾಡುವ ಮುಕಾದಮರೆಂದರೆ ಆಗದು. ಮದುವೆಯಾದ ವರ್ಷವೇ ವಿಜಾಪುರದ ಕಡೆಯ ಲಂಬಾಣಿ ತಾಂಡಾದಿಂದ ಗೋವಾಕ್ಕೆ ಬಂದು, ಕಲ್ಲುಮಣ್ಣು ಹೊತ್ತು, ಮಕ್ಕಳನ್ನು ಸೈಟಿನಲ್ಲೇ ಜೋಳಿಗೆ ಕಟ್ಟಿ ಬೆಳೆಸಿದವಳು. ಅವಳು ಕಂಡ ಮುಕಾದಮರೆಲ್ಲ ಮೊದಲ ದಿನ ಅಣ್ಣಂದಿರು, ವಾರ ಕಳೆದರೆ ಸರ್ದಾರರು. ಕೊನೆಯವನನ್ನು ಗಂಡ ಥಾವರಪ್ಪನೂ ಉಳಿದವರೂ ಸೇರಿ ಬಸ್ಸು ಹತ್ತಿಸಿದ ಮೇಲೆ ಅವಳೇ ಒಂದು ಪದ್ಧತಿ ತಂದಳು: ನಿನ್ನೆ ಯಾರು ಹೆಚ್ಚು ಗೊಣಗಿದರೋ ಇವತ್ತು ಅವರೇ ಮುಕಾದಮ. ಗೊಣಗಾಟ ಅರ್ಧಕ್ಕರ್ಧ ಇಳಿಯಿತು. ಧಾರವಾಡದಿಂದ ಬಂದು ಸೂಪರ್‌ವೈಸರ್ ಆಗಿದ್ದ ನನಗೆ ಮಾತ್ರ, ಇವತ್ತು ಯಾರಿಗೆ ಬೈಯಬೇಕೆಂದು ದಿನಾ ಬೆಳಿಗ್ಗೆ ಕೇಳಿ ತಿಳಿದುಕೊಳ್ಳುವ ಕಷ್ಟ.

೨೦೦೮ರಲ್ಲಿ ನಾವು ಸಾಂಕೋಲೆಯಲ್ಲಿ ಒಂದು ಸಭಾಭವನ ಕಟ್ಟುತ್ತಿದ್ದೆವು. ಕಟ್ಟಿಸುತ್ತಿದ್ದದ್ದು ‘ಶಿಸ್ತು ದಳ’. ಅದರ ಕಾರ್ಯದರ್ಶಿ ಕಮಲಾಕರ ಬೆಳಗಾವಿಯವರು. ಹಗಲು ಕಂಪನಿಯಲ್ಲಿ ನೌಕರಿ, ಸಂಜೆ ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರ ಕವಾಯತು. ಒಬ್ಬನೇ ನಾಯಕ, ಒಂದೇ ಜನ ಎಂದು ಭಾಷಣ. ಆ ವಾರ ಬೇರೆ ಯಾವುದೋ ಊರಿನಲ್ಲಿ ಹಿಂದೂ–ಮುಸ್ಲಿಂ ಗಲಾಟೆಯಾಗಿತ್ತು. ತಮ್ಮ ಪವಿತ್ರ ಭವನಕ್ಕೆ ಸಾಬರ ಕೈ ತಾಗುತ್ತಿದೆ ಎಂದು ಕಮಲಾಕರರಿಗೆ ಆಗ ಹೊಳೆಯಿತು. ಹೊಳೆದದ್ದು ಸ್ಲ್ಯಾಬ್ ಹಾಕುವ ದಿನ.

ಸ್ಲ್ಯಾಬ್ ಶುರುವಾದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನಡುವೆ ಬಿಟ್ಟರೆ ಸಂದು ಬಿದ್ದು ಮಳೆಗಾಲವಿಡೀ ಸೋರುತ್ತದೆ. ಮಿಕ್ಸರಿನಿಂದ ಮೇಲಿನ ತನಕ ಗುಂಪು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿತ್ತು. ಅರ್ಧ ಮುಗಿದಿತ್ತು. ಕಮಲಾಕರ ಹುಡುಗರ ಸಮೇತ ಬಂದು ಗುಂಪಿನಲ್ಲಿದ್ದ ಒಬ್ಬನೇ ಮುಸ್ಲಿಂ ಕೂಲಿ ರಾಜಮಹ್ಮದನತ್ತ ಬೆರಳು ಮಾಡಿದರು.

“ಇವನ್ನ ಈಗಿಂದೀಗ ಹೊರಗ ಹಾಕ್ರಿ. ಶೆಡ್ಡೂ ಖಾಲಿ ಆಗಬೇಕು.”

ಸೈಟಿನ ಪಕ್ಕದಲ್ಲೇ ಕೂಲಿಗಳು ಇರುತ್ತಿದ್ದ ಶೆಡ್ಡಿನಲ್ಲಿ ಅವನ ಹೆಂಡತಿ ಹಜರತಬಿ, ಹಸಿ ಬಾಣಂತಿ. ಲಾಲಿಬಾಯಿ ಬುಟ್ಟಿ ಕೆಳಗಿಟ್ಟಳು. ಅವಳ ಪಕ್ಕದವನೂ ಇಟ್ಟ. ನೋಡನೋಡುತ್ತ ಸಾಲಿಗೆ ಸಾಲೇ ಕೈ ಕಟ್ಟಿ ನಿಂತಿತು.

“ನಿಮ್ಮ ಲೀಡರ್ ಯಾರು?” ಕಮಲಾಕರ ಗದರಿದರು.

“ಲೀಡರ್ ಇಲ್ರಿ,” ಎಂದಳು ಲಾಲಿಬಾಯಿ. “ಇವತ್ತಿನ ಮಟ್ಟಿಗೆ ಮುಕಾದಮ ಅದಾನ.”

“ಕರೀರಿ ಅವನ್ನ!”

“ನಿಮ್ಮ ಮುಂದ ನಿಂತಾನಲ್ರಿ, ರಾಜಮಹ್ಮದ! ಚಹಾ ತಣ್ಣಗ ಐತಿ ಅಂತ ನಿನ್ನಿ ದಿನಾಪೂರ್ತಿ ಗೊಣಗ್ಯಾನ. ಅವನ್ನ ಹೊರಗ ಹಾಕಾಕ ಅವನ್ನ ಕೇಳ್ರಿ.”

ಹುಡುಗರು ಮುಷ್ಟಿ ಬಿಗಿದರು. ಆದರೆ ಹೊಡೆಯುವುದು ಯಾರಿಗೆ? ನಾಯಕನಿಗೆ ಹೊಡೆದರೆ ಉಳಿದವರು ಓಡುತ್ತಾರೆಂದು ಕಲಿತವರು ಅವರು. ನಾಯಕನೇ ಇಲ್ಲದಿದ್ದರೆ ಏನು ಮಾಡಬೇಕೆಂದು ಕವಾಯತಿನಲ್ಲಿ ಹೇಳಿಕೊಟ್ಟಿರಲಿಲ್ಲ. ಏಪ್ರಿಲ್ ಬಿಸಿಲಿಗೆ ಕಾಂಕ್ರೀಟ್ ಬಿಗಿಯತೊಡಗಿತು. ಕಮಲಾಕರ ಸ್ಲ್ಯಾಬ್ ನೋಡಿದರು, ಸೂರ್ಯನನ್ನು ನೋಡಿದರು, ಕೊನೆಗೆ ರಾಜಮಹ್ಮದನ ಎದುರು ಬಂದರು.

“ಕೆಲಸ ಶುರು ಮಾಡಸ್ರೆಪಾ.”

ರಾಜಮಹ್ಮದ ಬುಟ್ಟಿ ಎತ್ತಿದ. ಸಾಲು ಮತ್ತೆ ಹರಿಯಿತು. ನನಗೆ ಜೋರಾಗಿ ನಗಬೇಕೆನ್ನಿಸಿತು.

ಆದರೆ ಸ್ಲ್ಯಾಬ್ ಮುಗಿದ ಮೇಲೆ ಕಮಲಾಕರರಿಗೆ ಯಾರ ಹಂಗು? ಮರುದಿನವೇ ಗುತ್ತಿಗೆದಾರನ ಬಾಯಿಂದ ಹೇಳಿಸಿದರು: ರಾಜಮಹ್ಮದನ ಸಂಸಾರ ಹೋಗಬೇಕು, ಉಳಿದವರು ಇರಬಹುದು. ಲಾಲಿಬಾಯಿಗೆ ಬೇಕಾದರೆ ಶೆಡ್ಡಿನ ಬದಲು ಪ್ರತ್ಯೇಕ ಖೋಲಿಯನ್ನೂ ಕೊಡುತ್ತಾರಂತೆ. ಅವಳು ಕೂಸನ್ನು ಹಜರತಬಿಯ ಮಡಿಲಿನಿಂದ ಎತ್ತಿಕೊಂಡು ಅವರ ಸಾಮಾನು ತುಂಬಿದ್ದ ಟೆಂಪೋ ಹತ್ತಿ ಕುಳಿತಳು. ಹಿಂದೆಯೇ ಥಾವರಪ್ಪ ಪಾತ್ರೆಪಗಡೆ ತಂದ, ಅವನ ಹಿಂದೆ ಉಳಿದವರೂ ಗಂಟು ಕಟ್ಟಿಕೊಂಡು ಬಂದರು. ಒಬ್ಬನನ್ನು ಓಡಿಸಲು ಹೋದವರು ಎಲ್ಲರನ್ನೂ ಕೆಪೆ ಎಂಬ ಊರಿನ ಇನ್ನೊಂದು ಸೈಟಿಗೆ ಕಳಿಸಿಕೊಟ್ಟರು.

ಹೊಸ ಸ್ಲ್ಯಾಬಿಗೆ ದಿನವೂ ನೀರು ಹಾಕಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ದಳದ ಹುಡುಗರು ಒಂದು ಸಂಜೆ ನೀರು ಹೊತ್ತರು. ಮಾರನೆಯ ಸಂಜೆ ಯಾರೂ ಬರಲಿಲ್ಲ. ಕಮಲಾಕರ ಒಬ್ಬರೇ ಪ್ಯಾಂಟು ಮಡಚಿ, ಏದುಸಿರು ಬಿಡುತ್ತ ಏಣಿಯ ಬುಡದಲ್ಲಿ ನಿಂತಿದ್ದರು.

“ಆ ರಾಜಮಹ್ಮದನ ನಂಬರ್ ಅದ ಏನ್ರಿ ನಿಮ್ಮ ಹತ್ರ?”

“ಅದ ರೀ,” ಎಂದೆ.

ನಂಬರ್ ಕೊಡಲಿಲ್ಲ. ಬಕೆಟ್ ತುಂಬಿಸಿ ಕೊಟ್ಟೆ.