ಗೊಂಬೆಗೆ ತೊಡಿಸಿದ ಅಂಗಿ

ಹಂಪಮ್ಮನಿಗೆ ಆ ಕೆಲಸ ತಪ್ಪಿಸಿದವಳು ನಾನೇ. ಜನ ಕಂಪನಿಯನ್ನು ಬೈದರು, ಗಾನವಿ ಎಂಬ ಮೇಡಮ್ಮನ್ನು ಬೈದರು. ನನ್ನನ್ನು ಯಾರೂ ಬೈಯಲಿಲ್ಲ. ಅದಕ್ಕೇ ಈಗ ನಾನೇ ಬೈದುಕೊಳ್ಳುತ್ತಿದ್ದೇನೆ.

ನಾನು ಅಹಲ್ಯಾ. ಹುಟ್ಟೂರು ರಾಯಚೂರು, ಹೊಟ್ಟೆಪಾಡು ಗಡಿಯಾಚೆಯ ಈ ತೆಲುಗು ಶಹರದಲ್ಲಿ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ರೊಟ್ಟಿ ಖಾನಾವಳಿ ನನ್ನದು. ಸುತ್ತಲೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಆ ವರ್ಷಗಳಲ್ಲಿ ಕಟ್ಟುವವರೂ ನನ್ನಲ್ಲೇ ಉಣ್ಣುತ್ತಿದ್ದರು, ಒಳಗೆ ಕಂಪ್ಯೂಟರ್ ಮುಂದೆ ಕೂರುವವರೂ ನನ್ನಲ್ಲೇ ಉಣ್ಣುತ್ತಿದ್ದರು. ಅವರು ನೆಲದ ಮೇಲೆ, ಇವರು ಬೆಂಚಿನ ಮೇಲೆ. ಎಲ್ಲರ ಮನೆಯ ಸುದ್ದಿಯೂ ನನಗೆ ಗೊತ್ತು ಎಂಬ ಸೊಕ್ಕು ನನಗೆ ಬೇಕಾದಷ್ಟಿತ್ತು.

ಹಂಪಮ್ಮ ಲಿಂಗಸುಗೂರು ಕಡೆಯವಳು. ಏಳು ವರ್ಷದವಳಿದ್ದಾಗ ಅವ್ವನ ಜೊತೆ ಈ ಊರಿಗೆ ಬಂದವಳು, ಹತ್ತು ತುಂಬುವುದರೊಳಗೆ ಅವ್ವನನ್ನು ಕಳೆದುಕೊಂಡು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವಳು. ಗಂಡ ಹುಲಗೇಶ ಗಾರೆ ಕೆಲಸದವನು. ನಲವತ್ತಕ್ಕೆಲ್ಲ ಅವಳ ಸೊಂಟ ಕೈಕೊಟ್ಟಿತು. ಇನ್ನು ಭಾರ ಎತ್ತಿದರೆ ಹಾಸಿಗೆ ಹಿಡಿಯುತ್ತೀಯ ಎಂದು ದವಾಖಾನೆಯ ಡಾಕ್ಟರು ಹೇಳಿ ಕಳಿಸಿದರು. ಹೇಳುವುದಕ್ಕೇನು! ಭಾರ ಎತ್ತದೆ ಉಣ್ಣುವುದು ಹೇಗೆ ಅಂತ ಚೀಟಿಯಲ್ಲಿ ಬರೆದುಕೊಟ್ಟರೇ? ನೀನೇ ಕೆಲಸಕ್ಕೆ ಇಟ್ಟುಕೊಳ್ಳಬಹುದಿತ್ತಲ್ಲ ಅನ್ನುತ್ತೀರಿ. ಒಲೆಯ ಮುಂದೆ ಬಗ್ಗಿ ರೊಟ್ಟಿ ಬಡಿಯುವುದೂ ಸೊಂಟದ್ದೇ ಕೆಲಸ ನೋಡ್ರಿ.

ಅಷ್ಟರಲ್ಲಿ ಅಪೂರ್ವ ಒಂದು ಸುದ್ದಿ ತಂದಳು. ಮೈಸೂರಿನ ಹುಡುಗಿ, ಕಂಪನಿಯಲ್ಲಿ ನೌಕರಿ, ಮಧ್ಯಾಹ್ನದ ಊಟ ನನ್ನಲ್ಲಿ. ಪರದೇಶದ ಅತಿಥಿಗಳಿಗೆ ತೋರಿಸಲು ಅವಳ ಕಂಪನಿಯವರು ಕೆಳಮಹಡಿಯಲ್ಲಿ ಒಂದು ಹಾಲ್ ಮಾಡಿದ್ದರಂತೆ. ಅದರ ತುಂಬ ಆಳೆತ್ತರದ ಗೊಂಬೆಗಳು, ಒಂದೊಂದಕ್ಕೆ ಒಂದೊಂದು ಸೀಮೆಯ ಉಡುಪು.

"ಅಕ್ಕ, ಸಾಂಪ್ರದಾಯಿಕ ಉಡುಗೆ ಚೆನ್ನಾಗಿ ಗೊತ್ತಿರೋ ಹೆಂಗಸು ಬೇಕಂತೆ. ಗೊಂಬೆಗಳಿಗೆ ಸೀರೆ ಉಡಿಸೋದು, ಧೂಳು ಒರೆಸೋದು, ಬಂದವರಿಗೆ ತೋರಿಸೋದು, ಅಷ್ಟೇ ಕೆಲಸ," ಅಂದಳು.

ನೆರಳು, ಕೂರಲು ಸ್ಟೂಲು, ತಿಂಗಳಿಗೊಮ್ಮೆ ಪಗಾರ. ಹಂಪಮ್ಮನ ಸೊಂಟ ಉಳಿಯಲು ಇದಕ್ಕಿಂತ ಬೇರೆ ದಾರಿ ಇರಲಿಲ್ಲ. ನನ್ನ ಬಾಯಿ ಸುಮ್ಮನಿರುತ್ತದೆಯೇ?

"ನಮ್ಮ ಹಂಪಮ್ಮ ಅದಾಳಲ್ಲವ್ವಾ! ಹಳ್ಳಿ ಹೆಣ್ಮಗಳು, ಹುಟ್ಟಿದಾಗಿಂದ ಅದನ್ನ ಉಟ್ಟಾಕಿ. ಆಕಿಗಿಂತ ತಿಳಿದಾಕಿ ನಿಮಗ ಎಲ್ಲಿ ಸಿಗ್ತಾಳ?" ಅಂದೆ. ಅಪೂರ್ವ ಕುಣಿದಾಡಿಬಿಟ್ಟಳು. ಅವಳಿಗೂ ಅದೇ ನಂಬಿಕೆ. ಬಡವಿ, ಹಳ್ಳಿಯವಳು ಅಂದಮೇಲೆ ಸಂಪ್ರದಾಯವೆಲ್ಲ ಮೈಯಲ್ಲೇ ಇರುತ್ತದೆ ಅಂತ.

ಪರೀಕ್ಷೆ ಒಂದು ಭಾನುವಾರ. ಹಿಂದಿನ ದಿನವೇ ಹಂಪಮ್ಮ ಹೆದರಿದ್ದಳು. "ನನಗೇನ್ ಬರ್ತೈತ್ರಿ ಅಕ್ಕಾರ?" ಅಂದಳು.

"ಅಂಜಬ್ಯಾಡ. ದಿನಾ ನೀ ಹೆಂಗ ಉಡ್ತೀಯೋ ಹಂಗ ಉಡಿಸು. ಒಂದೀಟೂ ಆಕಡಿ ಈಕಡಿ ಮಾಡಬ್ಯಾಡ."

"ದಿನಾ ಉಡೋ ಹಂಗಾ?"

"ಹೂಂ ಮತ್ತ!"

ಅವಳು ಏನೋ ಯೋಚಿಸುತ್ತ ಮನೆಗೆ ಹೋದಳು. ಮರುದಿನ ಒಂದು ಚೀಲ ಹಿಡಿದುಕೊಂಡು ನನ್ನ ಜೊತೆ ಹೊರಟಳು.

ಹಾಲ್‌ನಲ್ಲಿ ನಾಲ್ಕಾರು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ನಡುವೆ ಗಾನವಿ, ಹಳ್ಳಿಹಳ್ಳಿ ತಿರುಗಿ ಉಡುಪುಗಳ ಬಗ್ಗೆ ಓದಿದ ತಜ್ಞೆಯಂತೆ ಅವಳು. ಮೇಜಿನ ಮೇಲೆ ಹೊಸ ಇಳಕಲ್ ಸೀರೆ. ಹಂಪಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಗೊಂಬೆಗೆ ಸುತ್ತಿದಳು. ನೆರಿಗೆಯನ್ನು ಎತ್ತಿ ಮೊಣಕಾಲಿನ ಕೆಳಗೆ ನಿಲ್ಲುವ ಹಾಗೆ ಸಿಕ್ಕಿಸಿದಳು, ಸೆರಗನ್ನು ಸೊಂಟಕ್ಕೆ ಬಿಗಿದಳು. ಆಮೇಲೆ ಚೀಲದಿಂದ ಹುಲಗೇಶನ ತುಂಬುತೋಳಿನ ಅಂಗಿ ತೆಗೆದಳು. ಒಗೆದು ಇಸ್ತ್ರಿ ಮಾಡಿಸಿದ್ದಳು! ಸೀರೆಯ ಮೇಲೆ ಅದನ್ನು ತೊಡಿಸಿ ಕುತ್ತಿಗೆಯವರೆಗೆ ಗುಂಡಿ ಹಾಕಿದಳು, ತೋಳಿನ ಗುಂಡಿಯನ್ನೂ ಬಿಡಲಿಲ್ಲ. ತಲೆಯ ಮೇಲೆ ಬುಟ್ಟಿ ಹೊರುವ ಟವೆಲ್ಲಿನ ಸಿಂಬಿ ಇಟ್ಟಳು. "ಆತ್ರಿ," ಎಂದು ಹಿಂದೆ ಸರಿದು ನಿಂತಳು.

ಕುರ್ಚಿಯಲ್ಲಿದ್ದವರು ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಗಾನವಿ ನಗಲಿಲ್ಲ. "ಇದು ಕೂಲಿ ಕೆಲಸದ ಬಟ್ಟೆ ಅಲ್ವಾ ಅಮ್ಮ? ನಮಗೆ ಬೇಕಾಗಿರೋದು ಸಾಂಪ್ರದಾಯಿಕ ಉಡುಗೆ," ಅಂದಳು.

"ನಾ ಉಡೋದು ಇದನ್ನರಿ. ಮೂವತ್ತು ವರ್ಷಾತು. ತೋಳಿನ ಗುಂಡಿ ಹಾಕಲಿಲ್ಲಂದ್ರ ಸಿಮೆಂಟು ಕೈ ತಿಂತೈತಿ."

ಗಾನವಿ ಎದ್ದು ಅಂಗಿ ಬಿಚ್ಚಿ ಮಡಚಿಟ್ಟಳು. ಅದೇ ಸೀರೆಯನ್ನು ಮೊದಲಿನಿಂದ ಉಡಿಸಿದಳು. ನೆರಿಗೆಯ ತುದಿಯನ್ನು ಕಾಲುಗಳ ನಡುವೆ ತಂದು ಹಿಂದೆ ಕಚ್ಚೆ ಕಟ್ಟಿದಳು, ತಲೆಯ ಮೇಲೆ ಸೆರಗು ಹೊದಿಸಿದಳು. ಹಂಪಮ್ಮ ಗೊಂಬೆಯ ಹಿಂದೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ನಮ್ಮವ್ವ!" ಅಂದಳು. "ನಮ್ಮವ್ವ ಹಿಂಗ ಉಡ್ತಿದ್ಲುರಿ. ಈ ಕಚ್ಚಿ ನೋಡ್ಕೊಂತ ಆಕಿ ಹಿಂದ ನಡೀತಿದ್ದೆ." ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಕೇಳಿದಳು, "ನನಗ ಕಲಿಸ್ತೀರೇನ್ರಿ?"

"ಖಂಡಿತ ಕಲಿಸ್ತೀನಿ. ಶನಿವಾರ ಕ್ಲಾಸ್ ಇರುತ್ತೆ, ಬನ್ನಿ. ಆದರೆ ಈ ಕೆಲಸಕ್ಕೆ ಈಗಲೇ ಗೊತ್ತಿರೋರು ಬೇಕಮ್ಮ."

ಶನಿವಾರ ಕೂಲಿ ಬಿಟ್ಟು ಯಾವ ಕ್ಲಾಸಿಗೆ ಹೋಗಬೇಕು ಇವಳು? ನನಗೆ ಹೊಟ್ಟೆ ಉರಿಯಿತು. ಹೆತ್ತವ್ವನ ಸೀರೆ ಮಗಳಿಗೆ ಗೊತ್ತಿಲ್ಲ, ಎಲ್ಲಿಂದಲೋ ಬಂದ ಮೇಡಮ್ಮಿಗೆ ಗೊತ್ತು! ಬಾಯಿತುಂಬ ಬೈಯೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಗಾನವಿ ಉಡಿಸಿದ್ದು ಸರಿಯಾಗಿಯೇ ಇತ್ತು. ಕೆಲಸ ಅವಳ ಕ್ಲಾಸಿನಲ್ಲಿ ಕಲಿತ ಇನ್ನೊಬ್ಬಳಿಗೆ ಹೋಯಿತು.

ಬಸ್‌ಸ್ಟಾಪಿನಲ್ಲಿ ನನ್ನ ಸಿಟ್ಟೆಲ್ಲ ಹಂಪಮ್ಮನ ಮೇಲೆ ತಿರುಗಿತು. "ಗಂಡನ ಅಂಗಿ ಯಾಕ ತಂದಿ? ಮಂದಿ ಮುಂದ ನನ್ನ ಮಾನಾ ಕಳದಿ! ಕಚ್ಚಿ ಉಡಾಕ ಬರೂದಿಲ್ಲಂತ ನನಗರ ಮೊದಲ ಹೇಳಬಾರದಾ?"

ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹತ್ತು ವರ್ಷ ಆ ಅಂಗಿ ಹಾಕ್ಕೊಂಡ ನಿಮ್ಮ ಮುಂದ ಕುಂತ ಉಂಡೀನ್ರಿ ಅಕ್ಕಾರ. ನಾ ಏನ್ ಉಡ್ತೀನಂತ ಒಮ್ಮೆರ ನೋಡೀರೇನು?"

ನೋಡಿರಲಿಲ್ಲ. ಬಸ್ಸು ಬಂತು, ಹತ್ತಿದೆವು.

ಸೋಮವಾರ ಬೆಳಿಗ್ಗೆ ಬುತ್ತಿಗೆ ಬಂದಳು. ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಡುತ್ತ ಈ ಸಲ ಕಣ್ಣಿಟ್ಟು ನೋಡಿದೆ. ಅಂಗಿಯ ಒಳಗೆ ಸೊಂಟದ ಸುತ್ತ ಒಂದು ಹಳೆಯ ಟವೆಲ್ ಬಿಗಿದುಕೊಂಡಿದ್ದಳು. ಇದು ಯಾವಾಗಿನಿಂದ ಎಂದು ಕೇಳಿದೆ.

"ಮೂರು ವರ್ಷಾತ್ರಿ," ಅಂದು ಬುತ್ತಿ ತಗೊಂಡು ಬುಟ್ಟಿ ಹೊರಲು ಹೋದಳು.