ಪ್ರಾರ್ಥನೆಯಲ್ಲಿ ಬೈದದ್ದು

ನಮ್ಮ ಮನೆ ಪ್ರಾರ್ಥನೆಗಳಲ್ಲಿ ಒಂದು ಕೆಟ್ಟ ವಿದ್ಯೆ ಇದೆ. ಯಾರನ್ನಾದರೂ ಬೈಯಬೇಕಾದರೆ ಮುಖಕ್ಕೆ ಬೈಯುವುದಿಲ್ಲ, ಕಣ್ಣು ಮುಚ್ಚಿ ದೇವರಿಗೆ ಹೇಳುತ್ತೇವೆ. ಬೈಸಿಕೊಂಡವರು ಪಕ್ಕದಲ್ಲೇ ಕೂತಿದ್ದರೂ ಪ್ರಾರ್ಥನೆಯ ನಡುವೆ ಬಾಯಿ ತೆರೆಯುವಂತಿಲ್ಲ. ಕೊನೆಗೆ ಅವರೂ ಆಮೆನ್ ಅನ್ನಬೇಕು. ಇದರಲ್ಲಿ ನಾನು ಪಳಗಿದ ಕೈ.

ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಹತ್ತು ಹನ್ನೆರಡು ಜನ ಸೇರುತ್ತೇವೆ. ಹಾಡು ತಮಿಳಿನಲ್ಲಿ, ಪ್ರಾರ್ಥನೆ ಯಾರಿಗೆ ಯಾವ ಭಾಷೆ ಬರುತ್ತದೋ ಅದರಲ್ಲಿ. ಕೊನೆಯ ಪ್ರಾರ್ಥನೆ ಮಾತ್ರ ನನ್ನದೇ. ವರ್ಷಗಟ್ಟಲೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವಳು, ಕಾಲು ಗಂಟೆ ತಡವರಿಸದೆ ಪ್ರಾರ್ಥಿಸಬಲ್ಲೆ. ಜನ ಮೆಚ್ಚುತ್ತಾರೆಂದು ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇರುವುದನ್ನೂ ಕಲಿತಿದ್ದೆ.

ನನ್ನ ಓರಗಿತ್ತಿ ಬಂಗಾರಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬೂದಿಕೋಟೆ ಕಡೆಯ ರೈತರ ಮನೆಯವಳು, ನನ್ನ ಮೈದುನನನ್ನು ಮದುವೆಯಾದ ಮೇಲೆ ಕ್ರೈಸ್ತ ಸಭೆಗೆ ಸೇರಿದವಳು. ಬೈಬಲ್ಲಿನಲ್ಲಿ ಒಂದು ವಚನ ಹುಡುಕಲು ಅವಳಿಗೆ ಐದು ನಿಮಿಷ ಬೇಕು. ಹೋದ ವರ್ಷ ಒಂದು ಶುಕ್ರವಾರ, ಗಣಿಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯ ಹಿರಿಯರು ಮೊಣಕಾಲಿನ ಆಪರೇಷನ್‌ಗೆ ಹೊರಟಿದ್ದರು. "ನೀನು ಪ್ರಾರ್ಥನೆ ಮಾಡಮ್ಮ" ಎಂದು ನನ್ನ ಎದುರಿಗೇ ಅವಳನ್ನು ಕೇಳಿದರು. ಅವಳು ಅವರ ಮೊಣಕಾಲಿನ ಮೇಲೆ ಕೈಯಿಟ್ಟು, "ಸ್ವಾಮಿ, ಈ ತಾತ ನಡ್ಯಂಗೆ ಮಾಡಪ್ಪ" ಎಂದಳು. ಅಷ್ಟೇ. ಆ ಹಿರಿಯರು ಅತ್ತುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಕೊನೆಯ ಪ್ರಾರ್ಥನೆಗೆ ಎದ್ದು ನಿಂತು, "ಕರ್ತನೇ, ನಮ್ಮಲ್ಲಿ ಹೊಸದಾಗಿ ಬಂದವರಿಗೆ ತಲೆ ತಿರುಗದ ಹಾಗೆ ನೋಡಿಕೋ. ಅವರ ಅಹಂಕಾರ ಮುರಿ, ದೀನತೆ ಕಲಿಸು" ಎಂದೆ. ಎಲ್ಲರೂ ಆಮೆನ್ ಅಂದರು. ಅವಳ ದನಿ ಕೇಳಲಿಲ್ಲ.

ಮುಂದಿನ ಶುಕ್ರವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಗೆದ್ದೆ ಅಂದುಕೊಂಡೆ. ತಿಂಗಳಾದ ಮೇಲೆ ಮೈದುನ ಫೋನ್ ಮಾಡಿದ. "ಚರ್ಚಿಗೂ ಓಗ್ತಿಲ್ಲ ಅತ್ತಿಗೆ. ದೇವ್ರಿಗೂ ನಾನ್ ಬ್ಯಾಡ್ವಂತೆ ಅಂತಾಳೆ." ದೀನತೆಯ ಪಾಠ ಎಷ್ಟು ಮಕ್ಕಳಿಗೆ ಹೇಳಿದ್ದೆನೋ ಏನೋ, ಒಬ್ಬಳನ್ನು ದೇವರಿಂದಲೇ ದೂರ ಮಾಡಿದ್ದೆ. ನಾಚಿಕೆಯಾಯಿತು.

ಮರುದಿನವೇ ಬಂಗಾರಪೇಟೆಗೆ ಹೋದೆ. ಅವಳು ಕಾಫಿ ಕೊಟ್ಟಳು. "ಬಾ, ಇಬ್ಬರೂ ಪ್ರಾರ್ಥನೆ ಮಾಡೋಣ" ಎಂದು ಕಣ್ಣು ಮುಚ್ಚಿ, "ಕರ್ತನೇ, ಈ ಪಾಪಿಯನ್ನು..." ಎಂದು ಶುರು ಮಾಡಿದೆ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

"ಕಣ್ ಬಿಡಕ್ಕ" ಎಂದಳು. "ದೇವ್ರತ್ರ ಆಮೇಲೆ ಕೇಳ್ಕೊ. ನೀನ್ ಬೈದಿದ್ದು ನನ್ನ. ನನ್ನತ್ರ ಕೇಳು."

ಕಾಲು ಗಂಟೆ ಪ್ರಾರ್ಥಿಸುವ ಬಾಯಿಂದ ಎರಡು ಮಾತು ಹೊರಡಿಸಲು ಸಾಕುಸಾಕಾಯಿತು. "ತಪ್ಪಾಯ್ತು ಕಣೆ" ಎಂದೆ.

"ಅವತ್ತು ಅಷ್ಟ್ ಜನ ಆಮೆನ್ ಅಂದ್ರಲ್ಲಕ್ಕ. ಅವ್ರ ಮುಂದೂ ಇಂಗೇ ಅಂತೀಯಾ?"

"ಶುಕ್ರವಾರ ಬಾ" ಎಂದಷ್ಟೇ ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಉದ್ದಕ್ಕೂ ತಪ್ಪಿಸಿಕೊಳ್ಳುವ ಯೋಚನೆಯೇ. ಇಬ್ಬರ ನಡುವೆ ಮುಗಿದ ಮಾತು, ಊರಿಗೆಲ್ಲ ಯಾಕೆ? ಇಷ್ಟು ವಯಸ್ಸಾದವಳು ಎಲ್ಲರ ಮುಂದೆ ಸಣ್ಣವಳಾಗಬೇಕೇ?

ಶುಕ್ರವಾರ ಅವಳು ಬಂದಳು. ಒಳಗೆ ಕೂರಲಿಲ್ಲ, ಬಾಗಿಲಲ್ಲೇ ನಿಂತಳು. ನಾನು ಎದ್ದೆ. ಎಲ್ಲರೂ ಪ್ರಾರ್ಥನೆಯೆಂದು ತಲೆ ಬಗ್ಗಿಸಿದರು.

"ತಲೆ ಎತ್ತಿ" ಎಂದೆ. "ಇವಳು ಕೊನೆಯ ಸಲ ಬಂದಿದ್ದಾಗ ನಾನು ಮಾಡಿದ್ದು ಪ್ರಾರ್ಥನೆ ಅಲ್ಲ. ಹೊಟ್ಟೆಕಿಚ್ಚಿಗೆ ಇವಳನ್ನು ಬೈದೆ. ಅಹಂಕಾರ ಇದ್ದದ್ದು ನನಗೆ. ಇವಳು ನನ್ನನ್ನು ಕ್ಷಮಿಸಬೇಕು."

ಆಮೆನ್ ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನಾನು ನಿಂತೇ ಇದ್ದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, "ಆಯ್ತು, ಕೂತ್ಕೊ ಅಕ್ಕ" ಎಂದಳು.