‘ಅನುಮಾನ ಬೇಡ’ ಎಂದು ಹನ್ನೆರಡೇ ಸಲ ಬರೆದವರು

ಬೆಳಗಿನ ಐದೂವರೆ. ಆಸ್ಪತ್ರೆಯ ಎಕ್ಸ್-ರೇ ಕೋಣೆಯ ನೆಲದ ಮೇಲೆ ರಿಪೇರಿ ಅಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ಹೊಟ್ಟೆ ತೆರೆದ ಕಂಪ್ಯೂಟರ್. ಕೆಟ್ಟ ಡಿಸ್ಕ್ ತೆಗೆದು ಹೊಸದು ಕೂರಿಸಿಯಾಗಿದೆ. ಆದರೆ ಅದರ ವಿಳಾಸ ಬರೆದುಕೋ ಎಂದರೆ ಯಂತ್ರ ‘ಜಾಗವಿಲ್ಲ’ ಎನ್ನುತ್ತದೆ. ಹಳೆಯ ಎಕ್ಸ್-ರೇ ಯಂತ್ರದ ಮಾತು ತಿಳಿಯುವುದು ಈ ಕಂಪ್ಯೂಟರಿಗೆ ಮಾತ್ರ. ಎರಡು ದಿನದಿಂದ ಕೈಕಾಲು ಮುರಿದುಕೊಂಡವರು ಬಂದು ಬಂದು ವಾಪಸಾಗುತ್ತಿದ್ದಾರೆ.

“ಅರ್ಧ ಜಾಗ ಖಾಲಿ ಬಿದ್ದಿದೆ ಅಂತೀರ. ಮತ್ತೆ ಬರ್ಕೊಳೋಕೇನು ಧಾಡಿ ಇದಕ್ಕೆ?” ಎಕ್ಸ್-ರೇ ತೆಗೆಯುವವರು ಗೊಣಗುತ್ತಾರೆ.

“ಧಾಡಿ ಅಲ್ಲ ತಮ್ಮಾ, ಭಯ.”

ಬೋರ್ಡಿನ ಮೇಲೆ ಉಗುರಿನಷ್ಟು ಚಿಪ್ ಇದೆ. ಕರೆಂಟು ಹೋದರೂ ಅದು ಮರೆಯುವುದಿಲ್ಲ. ಯಾವ ಡಿಸ್ಕಿನಿಂದ ಏಳಬೇಕೆಂಬುದು ಅದರಲ್ಲೇ ಇರುತ್ತದೆ. ಹಿಂದೆ ಕೆಲವು ಬೋರ್ಡುಗಳು ಆ ಚಿಪ್ ಅರ್ಧ ದಾಟಿ ತುಂಬಿದ್ದೇ ತಡ, ಮತ್ತೆ ಕಣ್ಣೇ ಬಿಡಲಿಲ್ಲ. ಅಂದಿನಿಂದ ಕಂಪ್ಯೂಟರನ್ನು ಆಳುವ ಕರ್ನಲ್ ಎಂಬ ತಂತ್ರಾಂಶ ಅರ್ಧಕ್ಕೇ ಕೈ ಅಡ್ಡ ಹಿಡಿಯುತ್ತದೆ. ಆ ತಡೆಯನ್ನು ಸರಿಸಲು ಒಂದು ಪದವಿದೆ. ಅಕ್ಕನ ಬಾಯಲ್ಲಿ ಅದು ‘ಅನುಮಾನ ಬೇಡ’.

ಏಳನೇ ತರಗತಿಗೆ ಶಾಲೆ ಬಿಟ್ಟು, ಅಪ್ಪನ ಟೈಪ್‌ರೈಟರ್ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಕೈ ಇದು. ದಿನಕ್ಕೆ ಏಳೆಂಟು ಯಂತ್ರ ನೋಡುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಆ ಪದ ಬಳಸಿದ್ದು ಹನ್ನೊಂದೇ ಸಲ.

“ಮೂರನೇ ಸಲ ಅದನ್ನ ಸೆಟಿಂಗಲ್ಲೇ ಬರೆದಿಟ್ಟು ಅಳಿಸೋದು ಮರೆತೆ. ಗ್ರಂಥಾಲಯದ ಕಂಪ್ಯೂಟರ್ ಅದು. ತಡೆಯೋರಿಲ್ಲ, ಚಿಪ್ ತುಂಬ್ತಾ ತುಂಬ್ತಾ ಒಂದಿನ ಕಲ್ಲಾಯ್ತು. ನಾನೇ ಕೊಂದ ಹಾಗೆ.” ಅಂದಿನಿಂದ ಅವರು ಆ ಪದವನ್ನು ಎಲ್ಲೂ ಉಳಿಸುವುದಿಲ್ಲ. ಯಂತ್ರ ಏಳುವಾಗ ಒಂದು ಸಲಕ್ಕೆ ಮಾತ್ರ ಕೈಯಾರೆ ಟೈಪ್ ಹೊಡೆಯುತ್ತಾರೆ.

“ಇದೂ ಕಲ್ಲಾದ್ರೆ?”

“ಇದರ ಅವಳಿ ಬೋರ್ಡು ಗುಜರಿಯಲ್ಲಿ ಸಿಕ್ತು. ನಿನ್ನೆ ಇಡೀ ದಿನ ಕೂತು ಅದರ ಚಿಪ್ಪನ್ನ ಮೂರು ಸಲ ಕಂಠಮಟ್ಟ ತುಂಬಿಸಿದೆ. ಮೂರು ಸಲವೂ ಎದ್ದು ಕೂತ್ಕೊಳ್ತು.”

ಒಂದು ಯಂತ್ರ ಬದುಕಲೆಂದು ಇನ್ನೊಂದನ್ನು ಮೂರು ಸಲ ಸಾವಿನ ಬಾಯಿಗೆ ಒಡ್ಡಿ ನೋಡಿದ್ದಾರೆ! ಕೇಳಿದವರು ಮೂಗಿನ ಮೇಲೆ ಬೆರಳಿಡಬೇಕು.

ಅಕ್ಕ ಪದ ಹೊಡೆಯುತ್ತಾರೆ. ವಿಳಾಸ ಬರೆಯುತ್ತಾರೆ. ಮತ್ತೆ ಶುರು ಮಾಡುತ್ತಾರೆ. ಪರದೆ ಕಪ್ಪಾಗಿ ಕಪ್ಪಾಗಿಯೇ ನಿಲ್ಲುತ್ತದೆ. ಆಮೇಲೆ, ಬೆಳಕು.

“ಎದ್ತು!” ಎಂದು ಎಕ್ಸ್-ರೇ ತೆಗೆಯುವವರು ಕುಣಿದಾಡುವಾಗ ಅಕ್ಕ ಮಾತ್ರ ಪರದೆಗೆ ಮೂಗು ತಾಗಿಸಿ, ಆ ಪದ ಎಲ್ಲೂ ಉಳಿದಿಲ್ಲವೆಂದು ಅಕ್ಷರ ಅಕ್ಷರ ಓದಿ ನೋಡುತ್ತಾರೆ. ಕರ್ನಲ್ ಮತ್ತೆ ಕಾವಲಿಗೆ ನಿಂತಿದೆ.

“ನಿಮಗೇನು ಕೊಡ್ಲಿ ಅಕ್ಕಾ?”

“ನನ್ನನ್ನ ಮರೆತುಬಿಡು ಪುಣ್ಯಾತ್ಮ. ನೀವೆಲ್ಲ ಎಷ್ಟು ದಿನ ಮರೀತೀರೋ, ನನ್ನ ಕೆಲಸ ಅಷ್ಟು ಗಟ್ಟಿ.”